ಗಾಳಕ್ಕೆ ಸಿಕ್ಕಿದ ಮೀನು ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಶಿರಾಡಿ ಇಲ್ಲವೇ ಚಾರ್ಮಾಡಿ ಘಾಟಿ ಇಳಿದು, ರಜೆಯ ಎರಡು ದಿನ ಕಡಲಿಗೆ ಗಾಳ ಹಾಕಿ ಬರುವ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೆರೆಯ ಮುರುಗೋಡನ್ನೂ ಹೊಳೆಯ ಹಾವುಮೀನನ್ನೂ ಕತ್ತಲಲ್ಲಿ ಮುಟ್ಟಿಯೇ ಹೇಳಬಲ್ಲ ನಮ್ಮ ಕಡೆಯವರು ಕಡಲ ಮೀನಿನ ಮುಂದೆ ತಬ್ಬಿಬ್ಬಾಗುವುದು ಸಹಜ. ಐಸಿನ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ನಮ್ಮ ಸಂತೆಗೆ ಬರುವುದು ಬಂಗುಡೆ, ಬೂತಾಯಿ, ಅಂಜಲ್‌ನಂತಹ ಕೆಲವೇ ಮೀನುಗಳು. ಗಾಳಕ್ಕೆ ಸಿಕ್ಕುವವುಗಳಲ್ಲಿ ಅನೇಕವು ಯಾವ ಸಂತೆಗೂ ಬಾರದವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮೀನಿನ ಬಣ್ಣವನ್ನು ಮಾತ್ರ ವಿವರಿಸಿವೆ. ಸತ್ತ ಮೇಲೆ ಮೊದಲು ಮಾಸುವುದೇ ಬಣ್ಣ. ಆದ್ದರಿಂದ ಹಲ್ಲು, ಮುಳ್ಳು, ರೆಕ್ಕೆ, ಕಿವಿರಿನ ಸೀಳು ಇವುಗಳ ಬಗ್ಗೆ ಯಾರು ಒಂದು ಮಾತು ಬರೆದಿದ್ದಾರೋ ಅವರಿಗೆ ಖಚಿತವಾದ ಉತ್ತರ ಕೊಡಲು ಸಾಧ್ಯವಾಗಿದೆ.

ಪ್ರಶ್ನೆ: ಅಕ್ಟೋಬರಿನಲ್ಲಿ ಮಲ್ಪೆಯಿಂದ ದೋಣಿಯಲ್ಲಿ ಹೋಗಿದ್ದಾಗ ನನ್ನ ಗಾಳಕ್ಕೆ ಮೊಳದುದ್ದದ, ತೆಳ್ಳಗಿನ, ಬೂದು ಬಣ್ಣದ ಮೀನೊಂದು ಸಿಕ್ಕಿತು. ಅದರ ತಲೆಯ ಮೇಲೆ ಚಪ್ಪಲಿಯ ಅಟ್ಟೆಯಂತೆ ಅಡ್ಡಗೆರೆಗಳಿರುವ ಚಪ್ಪಟೆ ಭಾಗವಿತ್ತು. ದೋಣಿಯ ಹಲಗೆಗೆ ಅಂಟಿಕೊಂಡಿದ್ದನ್ನು ಬಿಡಿಸಲು ಬಲ ಹಾಕಬೇಕಾಯಿತು. ಇದು ರೋಗ ತಗಲಿದ ಮೀನೇ? (ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರು)

ಉತ್ತರ: ರೋಗವೂ ಅಲ್ಲ, ಗಾಯವೂ ಅಲ್ಲ. ನಿಮಗೆ ಸಿಕ್ಕಿರುವುದು ರೆಮೋರಾ ಎಂಬ ಅಂಟುಮೀನು. ದೇಹದ ಬದಿಯಲ್ಲಿ ಮೂತಿಯಿಂದ ಬಾಲದವರೆಗೆ ಬಿಳಿ ಅಂಚಿನ ಕಪ್ಪು ಪಟ್ಟೆಯಿತ್ತು ಎಂದು ನೀವು ಬರೆದಿರುವುದರಿಂದ ಅದು ಎಕಿನಿಸ್ ನಾಕ್ರೇಟಿಸ್ ಎಂಬ ಜಾತಿಯೆಂದು ಹೇಳಬಹುದು. ನೀವು ಚಪ್ಪಲಿಯ ಅಟ್ಟೆಗೆ ಹೋಲಿಸಿದ ಭಾಗವು ವಾಸ್ತವವಾಗಿ ಬೆನ್ನಿನ ಮೊದಲ ರೆಕ್ಕೆ. ಬೇರೆ ಮೀನುಗಳಲ್ಲಿ ಬೆನ್ನ ಮೇಲೆ ನೆಟ್ಟಗೆ ನಿಲ್ಲುವ ಮುಳ್ಳುಗಳು ಇದರಲ್ಲಿ ಇಬ್ಭಾಗವಾಗಿ, ಮಲಗಿ, ತಲೆಯ ಮೇಲೆ ಸಾಲು ಸಾಲಾದ ಅಡ್ಡ ಪಟ್ಟಿಗಳಾಗಿ ಮಾರ್ಪಟ್ಟಿವೆ. ಈ ಜಾತಿಯಲ್ಲಿ ಅಂತಹ ಪಟ್ಟಿಗಳು 18ರಿಂದ 28ರವರೆಗೆ ಇರುತ್ತವೆ. ಪಟ್ಟಿಗಳನ್ನು ತುಸು ಎತ್ತಿದಾಗ ಅವುಗಳ ನಡುವೆ ನಿರ್ವಾತ ಉಂಟಾಗಿ ಮೀನು ಶಾರ್ಕಿಗೋ ಕಡಲಾಮೆಗೋ ದೋಣಿಯ ತಳಕ್ಕೋ ಕಚ್ಚಿಕೊಳ್ಳುತ್ತದೆ. ಮುಂದಿನ ಸಲ ಇಂತಹ ಮೀನು ಅಂಟಿಕೊಂಡರೆ ಹಿಂದಕ್ಕೆ ಎಳೆಯಬೇಡಿ, ಮುಂದಕ್ಕೆ ಜಾರಿಸಿ. ಹಿಂದಕ್ಕೆ ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ, ಮುಂದಕ್ಕೆ ತಳ್ಳಿದರೆ ಸಲೀಸಾಗಿ ಬಿಡುತ್ತದೆ.

ನೀವು ಕಳುಹಿಸಿದ ಚಿತ್ರದಲ್ಲಿ ಮೀನು ಬೋರಲಾಗಿ ಬಿದ್ದಿದೆ. ಅದರ ಕೆಳದವಡೆ ಮುಂದಕ್ಕೆ ಚಾಚಿರುವುದರಿಂದ ಮತ್ತು ತಲೆಯ ಮೇಲ್ಭಾಗ ಚಪ್ಪಟೆಯಾಗಿರುವುದರಿಂದ ಹೊಟ್ಟೆ ಯಾವುದು, ಬೆನ್ನು ಯಾವುದು ಎಂಬ ಗೊಂದಲ ಅನೇಕರಿಗೆ ಆಗುತ್ತದೆ. ಇದನ್ನು ಮರಿ ಕೋಬಿಯಾ ಎಂದು ತಪ್ಪಾಗಿ ಗುರುತಿಸುವವರೂ ಇದ್ದಾರೆ. ಆ ತಪ್ಪಿಗೆ ಕಾರಣವಿದೆ: ಎರಡೂ ಹತ್ತಿರದ ಸಂಬಂಧಿಗಳು, ಎರಡಕ್ಕೂ ಬದಿಯಲ್ಲಿ ಕಪ್ಪು ಪಟ್ಟೆಯಿದೆ. ಆದರೆ ಕೋಬಿಯಾದ ತಲೆಯ ಮೇಲೆ ಅಂಟುಬಿಲ್ಲೆ ಇರುವುದಿಲ್ಲ. ಬದಲಿಗೆ ಬೆನ್ನಿನ ಮುಂಭಾಗದಲ್ಲಿ ಒಂದಕ್ಕೊಂದು ಸೇರದ 7ರಿಂದ 9 ಗಿಡ್ಡ ಮುಳ್ಳುಗಳಿರುತ್ತವೆ. ಹಡಗನ್ನೇ ಹಿಡಿದು ನಿಲ್ಲಿಸುವ ಮೀನೆಂದು ಪ್ರಾಚೀನ ಗ್ರೀಕರು ಅಂಟುಮೀನನ್ನು ನಂಬಿದ್ದರು, ಎಕಿನಿಸ್ ಎಂಬ ಹೆಸರಿನ ಅರ್ಥವೂ ಅದೇ. ಇದಕ್ಕೆ ವಿಷವಿಲ್ಲ.

ಪ್ರಶ್ನೆ: ಕಳೆದ ತಿಂಗಳು ಸಸಿಹಿತ್ಲುವಿನ ಅಳಿವೆಯ ಬಳಿ ನಮ್ಮ ಗಾಳದ ದಾರ ಮೂರು ಸಲ ಕತ್ತರಿಯಿಂದ ಕತ್ತರಿಸಿದಂತೆ ತುಂಡಾಯಿತು. ನಾಲ್ಕನೆಯ ಸಲ ಒಂದು ಗೇಣುದ್ದದ ಮೀನು ಸಿಕ್ಕಿತು. ಮರಳಿನ ಮೇಲೆ ಹಾಕಿದ ಕೂಡಲೇ ಹೊಟ್ಟೆ ಚೆಂಡಿನಂತೆ ಉಬ್ಬಿತು. ಜೊತೆಗಿದ್ದ ಸ್ನೇಹಿತರೊಬ್ಬರು, ಚರ್ಮವನ್ನೂ ಹೊಟ್ಟೆಯ ಭಾಗವನ್ನೂ ತೆಗೆದು ಚೆನ್ನಾಗಿ ಬೇಯಿಸಿದರೆ ತಿನ್ನಬಹುದು, ತಾವು ಒಮ್ಮೆ ತಿಂದಿದ್ದೇವೆ ಎಂದರು. ನಾವು ಎಸೆದು ಬಂದೆವು. ಸರಿ ಮಾಡಿದೆವೇ? (ಹಾಸನದ ಓದುಗರೊಬ್ಬರು)

ಉತ್ತರ: ತಿನ್ನದೇ ಇದ್ದುದು ಅತ್ಯಂತ ಸರಿಯಾದ ನಿರ್ಧಾರ. ಇದು ಪಫರ್ ಮೀನು, ಅಂದರೆ ಉಬ್ಬುಮೀನು. ಇದರ ಬಗ್ಗೆ ಉಳಿದೆಲ್ಲ ಉತ್ತರಗಳಿಗಿಂತ ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ಗುರುತಿಸುವುದರಲ್ಲಿ ತಪ್ಪಿದರೆ ಜೀವ ಹೋಗುವ ಮೀನು ಇದು.

ಮೊದಲು ಗುರುತು. ನಿಮ್ಮ ದಾರ ತುಂಡಾದ ರೀತಿಯೇ ಮೊದಲ ಸುಳಿವು. ಉಬ್ಬುಮೀನಿನ ಹಲ್ಲುಗಳು ಬಿಡಿಬಿಡಿಯಾಗಿಲ್ಲ. ಮೇಲ್ದವಡೆಯಲ್ಲಿ ಎರಡು, ಕೆಳದವಡೆಯಲ್ಲಿ ಎರಡು ಫಲಕಗಳಾಗಿ ಕೂಡಿಕೊಂಡು ಗಿಳಿಯ ಕೊಕ್ಕಿನಂತಾಗಿವೆ. ಸಿಗಡಿ, ಏಡಿ, ಕಪ್ಪೆಚಿಪ್ಪುಗಳನ್ನು ಒಡೆಯಲು ಬೇಕಾದ ಈ ಕೊಕ್ಕಿಗೆ ನೈಲಾನ್ ದಾರ ಯಾವ ಲೆಕ್ಕಕ್ಕೂ ಇಲ್ಲ. ಈ ಮೀನುಗಳ ಕುಟುಂಬಕ್ಕೆ ಟೆಟ್ರಾಡಾಂಟಿಡೆ ಎಂಬ ಹೆಸರು ಬಂದಿರುವುದೂ ನಾಲ್ಕು ಹಲ್ಲು ಎಂಬ ಅರ್ಥದಲ್ಲಿಯೇ. ಮೈಮೇಲೆ ಸಾಮಾನ್ಯ ಹುರುಪೆಗಳಿಲ್ಲ. ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳೂ ಇಲ್ಲ. ಮೈತುಂಬ ಉದ್ದನೆಯ ಮುಳ್ಳುಗಳಿದ್ದು, ಮೇಲೊಂದು ಕೆಳಗೊಂದು ಹಲ್ಲಿನ ಫಲಕವಿದ್ದರೆ ಅದು ಇದರ ಸಂಬಂಧಿಯಾದ ಮುಳ್ಳುಹಂದಿ ಮೀನು. ಅದನ್ನೂ ತಿನ್ನಬಾರದು.

ಇನ್ನು ನಿಮ್ಮ ಸ್ನೇಹಿತರ ಮಾತು. ಉಬ್ಬುಮೀನಿನಲ್ಲಿರುವ ಟೆಟ್ರೊಡಾಕ್ಸಿನ್ ಎಂಬ ವಿಷವು ಕುದಿಸುವುದರಿಂದಲೂ ಹುರಿಯುವುದರಿಂದಲೂ ಒಣಗಿಸುವುದರಿಂದಲೂ ನಾಶವಾಗುವುದಿಲ್ಲ. ಯಕೃತ್ತು ಮತ್ತು ಅಂಡಾಶಯಗಳಲ್ಲಿ ಅದು ಹೆಚ್ಚು, ಚರ್ಮದಲ್ಲಿಯೂ ಇರುತ್ತದೆ, ಕೆಲವು ಜಾತಿಗಳಲ್ಲಿ ಮಾಂಸದಲ್ಲಿಯೂ ಇರುತ್ತದೆ. ಈ ವಿಷವನ್ನು ಮೀನು ತಾನೇ ತಯಾರಿಸುವುದಿಲ್ಲ, ಬ್ಯಾಕ್ಟೀರಿಯಾಗಳಲ್ಲಿ ಹುಟ್ಟಿ ಆಹಾರದ ಮೂಲಕ ಅದರ ದೇಹದಲ್ಲಿ ಶೇಖರವಾಗುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಈ ಕಾರಣದಿಂದ ಜಾತಿಯಿಂದ ಜಾತಿಗೆ, ಋತುವಿನಿಂದ ಋತುವಿಗೆ, ಒಂದೇ ಜಾತಿಯ ಎರಡು ಮೀನುಗಳ ನಡುವೆಯೂ ವಿಷದ ಪ್ರಮಾಣ ಬದಲಾಗುತ್ತದೆ. ಹೀಗಿರುವಾಗ ಒಮ್ಮೆ ತಿಂದು ಬದುಕಿದವರ ಅನುಭವವು ಆ ಒಂದು ಮೀನಿನ ಬಗ್ಗೆ ಸಾಕ್ಷಿಯಾಗಬಹುದೇ ಹೊರತು ಮುಂದಿನ ಮೀನಿನ ಬಗ್ಗೆ ಅಲ್ಲ. ಜಪಾನಿನಲ್ಲಿ ಫುಗು ಎಂಬ ಹೆಸರಿನಲ್ಲಿ ಇದನ್ನು ತಿನ್ನುತ್ತಾರೆಂಬುದು ನಿಜ. ಅಲ್ಲಿ ಅದನ್ನು ಕತ್ತರಿಸಿ ಬಡಿಸಲು ತರಬೇತಿ ಪಡೆದು ಪರವಾನಗಿ ಹೊಂದಿದ ಅಡುಗೆಯವರೇ ಬೇಕು ಎಂಬುದೂ ಅಷ್ಟೇ ನಿಜ.

ಯಾರಾದರೂ ಅರಿಯದೆ ತಿಂದರೆ ತುಟಿ ಮತ್ತು ನಾಲಿಗೆ ಜುಮುಗುಟ್ಟುವುದು ಮೊದಲ ಲಕ್ಷಣ. ಇದು ಸಾಮಾನ್ಯವಾಗಿ ಒಂದು ಗಂಟೆಯೊಳಗೆ, ಕೆಲವೊಮ್ಮೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ. ಅನಂತರ ವಾಂತಿ, ಕೈಕಾಲುಗಳ ಬಲಹೀನತೆ, ಮಾತು ತೊದಲುವುದು, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುವುದು. ಇದಕ್ಕೆ ಪ್ರತಿವಿಷವಿಲ್ಲ. ವಿಷ ದೇಹದಿಂದ ಹೊರಹೋಗುವವರೆಗೆ ಕೃತಕ ಉಸಿರಾಟದ ಯಂತ್ರದ ನೆರವಿನಿಂದ ಜೀವ ಉಳಿಸುವುದೊಂದೇ ದಾರಿ. ಆದ್ದರಿಂದ ತುಟಿ ಜುಮುಗುಟ್ಟಿದ ಕೂಡಲೇ, ಕಾಯದೆ, ವೆಂಟಿಲೇಟರ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು ಮತ್ತು ತಿಂದದ್ದು ಯಾವ ಮೀನೆಂದು ವೈದ್ಯರಿಗೆ ಹೇಳಬೇಕು. ಘಾಟಿ ಹತ್ತಿ ಊರಿಗೆ ಬಂದು ತೋರಿಸೋಣವೆಂದು ಯಾರೂ ಹೊರಡಬೇಡಿ. ಮರಳಿನ ಮೇಲೆ ಎಸೆದ ಮೀನನ್ನು ನಾಯಿ, ಬೆಕ್ಕುಗಳು ತಿಂದು ಸಾಯುವ ಅಪಾಯವೂ ಇರುವುದರಿಂದ, ಇನ್ನು ಮುಂದೆ ಸಿಕ್ಕಿದರೆ ಗಾಳ ಬಿಡಿಸಿ ಜೀವಂತವಾಗಿ ನೀರಿಗೇ ಬಿಡುವುದು ಒಳ್ಳೆಯದು. ಬೆರಳನ್ನು ಬಾಯಿಯ ಹತ್ತಿರ ಒಯ್ಯಬೇಡಿ.

ಪ್ರಶ್ನೆ: ಕಡುನೀಲಿ ಬಣ್ಣ, ಕೆಂಪು ಹಲ್ಲು, ಕತ್ತರಿಯಂತಹ ಬಾಲ. ಬೆನ್ನಿನ ಮುಳ್ಳು ಒಮ್ಮೆ ನೆಟ್ಟಗಾದರೆ ಮಡಿಸಲು ಆಗುತ್ತಿರಲಿಲ್ಲ. ದೋಣಿಯವರು ನಗುತ್ತಾ ‘ಕಾರ್ಗಿಲ್’ ಎಂದರು. ಇದು ನಿಜವಾದ ಹೆಸರೇ? (ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ದೋಣಿಯವರು ಹೇಳಿದ್ದು ಸರಿ. ಮಲ್ಪೆ, ಮಂಗಳೂರಿನ ಕಡೆ ಈ ಮೀನನ್ನು ಕಾರ್ಗಿಲ್ ಎಂದೇ ಕರೆಯುತ್ತಾರೆ. ವೈಜ್ಞಾನಿಕವಾಗಿ ಇದು ಓಡೋನಸ್ ನೈಜರ್, ಕೆಂಪು ಹಲ್ಲಿನ ಟ್ರಿಗರ್ ಮೀನು. ಬೆನ್ನಿನ ಮೊದಲ ಮುಳ್ಳು ನೆಟ್ಟಗೆ ನಿಂತಾಗ ಅದರ ಹಿಂದಿನ ಗಿಡ್ಡ ಮುಳ್ಳು ಅಗುಳಿಯಂತೆ ಅದನ್ನು ಬಿಗಿಯುತ್ತದೆ; ಬಂದೂಕಿನ ಕುದುರೆಯನ್ನು ಒತ್ತುವಂತೆ ಎರಡನೆಯ ಮುಳ್ಳನ್ನು ಒತ್ತಿದರೆ ಮೊದಲನೆಯದು ತಾನಾಗಿ ಮಡಿಯುತ್ತದೆ. ಅಪಾಯ ಕಂಡಾಗ ಬಂಡೆಯ ಸಂದಿಗೆ ನುಗ್ಗಿ ಮುಳ್ಳನ್ನು ಹೀಗೆ ಬಿಗಿದುಕೊಂಡರೆ ದೊಡ್ಡ ಮೀನೂ ಇದನ್ನು ಹೊರಗೆಳೆಯಲಾರದು. ನೀವು ಹಲ್ಲಿನ ಬಣ್ಣವನ್ನೂ ಮುಳ್ಳಿನ ವರ್ತನೆಯನ್ನೂ ಗಮನಿಸಿ ಬರೆದದ್ದರಿಂದ ಚಿತ್ರವಿಲ್ಲದೆಯೂ ಜಾತಿಯನ್ನು ಹೇಳಲು ಸಾಧ್ಯವಾಯಿತು, ಇದಕ್ಕಾಗಿ ನಿಮ್ಮನ್ನು ಅಭಿನಂದಿಸುತ್ತೇನೆ.

ಊರ ಹೆಸರುಗಳ ಬಗ್ಗೆ ಇಲ್ಲಿಯೇ ಒಂದು ಮಾತು. ಅವುಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಯಾವ ಊರಿನಲ್ಲಿ ಕೇಳಿದ್ದೆಂಬುದನ್ನೂ ಜೊತೆಗೆ ಬರೆಯಿರಿ. ಮಂಗಳೂರಿನ ಕಾಣೆ ಕಾರವಾರದ ಕಡೆ ನೊಗಲಿ. ಇಲ್ಲಿಯ ಬೂತಾಯಿ ಅಲ್ಲಿ ತಾರ್ಲಿ. ಹೋಟೆಲುಗಳಲ್ಲಿ ಕಾಣೆಯನ್ನು ಲೇಡಿ ಫಿಶ್ ಎಂದು ಬರೆದಿರುತ್ತಾರೆ, ಬೇರೆ ದೇಶಗಳಲ್ಲಿ ಅದೇ ಹೆಸರು ಸಂಬಂಧವೇ ಇಲ್ಲದ ಇನ್ನೊಂದು ಮೀನಿಗಿದೆ. ಹಾಗೆಂದು ಊರ ಹೆಸರನ್ನು ಕೀಳಾಗಿ ಕಾಣಬೇಕಿಲ್ಲ. ಬಂಗುಡೆಯ ವೈಜ್ಞಾನಿಕ ಹೆಸರಾದ ರಾಸ್ಟ್ರೆಲಿಗರ್ ಕನಗುರ್ತಾದಲ್ಲಿರುವ ಕನಗುರ್ತ ಎಂಬುದು ವಿಶಾಖಪಟ್ಟಣದ ಮೀನುಗಾರರ ತೆಲುಗು ಮಾತು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ಅದನ್ನು ಕೇಳಿ 1803ರಲ್ಲಿ ದಾಖಲಿಸಿದ್ದರಿಂದ ಅದು ಇಂದು ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಪ್ರಶ್ನೆ: ಅಂಜಲ್ ಎಂದು ಸಂಭ್ರಮದಿಂದ ತಂದ ಮೀನನ್ನು ನೋಡಿ ನೆರೆಯವರು ಅಂಜಲ್ ಅಲ್ಲವೆಂದರು. ಬದಿಯಲ್ಲಿ ಬೆರಳಿನ ಗುರುತಿನಂತೆ ಆರು ಮಚ್ಚೆಗಳಿವೆ. (ಹಾಸನದಿಂದ)

ಉತ್ತರ: ನಿಮ್ಮ ನೆರೆಯವರು ಸರಿ. ಇದು ಕ್ವೀನ್ ಫಿಶ್. ಅಂಜಲ್‌ನ ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಅಲೆಯಂತಹ ಅಡ್ಡ ಪಟ್ಟೆಗಳಿರುತ್ತವೆ. ಕ್ವೀನ್ ಫಿಶ್‌ನ ದೊಡ್ಡ ಜಾತಿಯಲ್ಲಿ 5ರಿಂದ 8 ದುಂಡು ಮಚ್ಚೆಗಳು ಒಂದೇ ಸಾಲಿನಲ್ಲಿರುತ್ತವೆ. ಮಚ್ಚೆ ಮಾಸಿದ್ದರೆ ಬೆನ್ನನ್ನು ಸವರಿ ನೋಡಿ, ಬಿಡಿಬಿಡಿಯಾದ ಆರೇಳು ಗಿಡ್ಡ ಮುಳ್ಳುಗಳು ಕೈಗೆ ತಗಲುತ್ತವೆ. ಬಾಲದ ಕಡೆಯಿಂದ ತಲೆಯ ಕಡೆಗೆ ಮಾತ್ರ ಕೈಯಾಡಿಸಬೇಡಿ, ಆ ಮುಳ್ಳುಗಳು ಚುಚ್ಚಿದರೆ ಉರಿಯುತ್ತದೆ. ಮಾಂಸ ತಿನ್ನಲು ಯೋಗ್ಯ, ಅಂಜಲ್‌ಗಿಂತ ತುಸು ಒಣದಾಗಿರುತ್ತದೆ.

ಪ್ರಶ್ನೆ: ಮುರುಡೇಶ್ವರದ ಬಂಡೆಗಳ ಬಳಿ ಮಗನ ಗಾಳಕ್ಕೆ ನಮ್ಮ ಕೆರೆಯ ಮುರುಗೋಡಿನಂತೆ ಮೀಸೆಯಿರುವ ಪುಟ್ಟ ಮೀನು ಸಿಕ್ಕಿತು. ಕಪ್ಪು ಮೈ, ತಲೆಯಿಂದ ಬಾಲದವರೆಗೆ ಬಿಳಿ ಗೆರೆಗಳು. ಬಿಡಿಸುವಾಗ ಹೆಬ್ಬೆರಳಿಗೆ ಚುಚ್ಚಿ ಕೈಯೆಲ್ಲ ಊದಿಕೊಂಡಿತು, ರಾತ್ರಿಯಿಡೀ ಹುಡುಗ ಅತ್ತ. ಐಸ್ ಇಟ್ಟೆವು, ಪ್ರಯೋಜನವಾಗಲಿಲ್ಲ. (ಬೇಲೂರಿನ ತಾಯಿಯೊಬ್ಬರು)

ಉತ್ತರ: ನಿಮ್ಮ ಮಗ ಪಟ್ಟ ನೋವನ್ನು ಓದಿ ಬೇಸರವಾಯಿತು. ಇದು ಗೆರೆ ಮುರುಗೋಡು ಎಂದು ಕರೆಯಬಹುದಾದ ಪ್ಲೊಟೋಸಸ್ ಲಿನಿಯೇಟಸ್. ನಾಲ್ಕು ಜೊತೆ ಮೀಸೆಗಳು, ಬೆನ್ನಿನ ಹಿಂಭಾಗದ ರೆಕ್ಕೆ ಬಾಲದೊಂದಿಗೆ ಕೂಡಿ ಹಾವುಮೀನಿನಂತೆ ಮೊನೆಯಾಗುವುದು, ಮೈಮೇಲಿನ ಬಿಳಿ ಅಥವಾ ಹಳದಿ ಗೆರೆಗಳು ಇದರ ಗುರುತು. ಬೆನ್ನಿನ ಮೊದಲ ರೆಕ್ಕೆಯಲ್ಲಿ ಒಂದು, ಎದೆಯ ಎರಡು ರೆಕ್ಕೆಗಳಲ್ಲಿ ಒಂದೊಂದು, ಹೀಗೆ ಒಟ್ಟು ಮೂರು ವಿಷಮುಳ್ಳುಗಳಿವೆ. ನಮ್ಮ ಕೆರೆಗಳ ಚೇಳುಮೀನಿನ ಚುಚ್ಚುವಿಕೆಯನ್ನು ಅನುಭವಿಸಿದವರಿಗೆ ಹೋಲಿಕೆ ತಿಳಿಯುತ್ತದೆ. ಮರಿಗಳು ನೂರಾರು ಸಂಖ್ಯೆಯಲ್ಲಿ ಉಂಡೆ ಕಟ್ಟಿಕೊಂಡು ತಿರುಗುವುದರಿಂದ ಒಂದು ಸಿಕ್ಕಿದಲ್ಲಿ ಇನ್ನೂ ಹಲವು ಸಿಕ್ಕುವ ಸಂಭವ ಹೆಚ್ಚು.

ಐಸ್ ಅಲ್ಲ, ಬಿಸಿ ನೀರು ಬೇಕು. ಈ ವಿಷ ಪ್ರೋಟೀನಿನಿಂದಾದದ್ದು, ಬಿಸಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಗಾಯವಾದ ಭಾಗವನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿಯ, ಸಹಿಸಬಹುದಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ನೀರಿನ ಬಿಸಿಯನ್ನು ಗಾಯವಾಗದ ಕೈಯಿಂದ, ಮಕ್ಕಳಾದರೆ ದೊಡ್ಡವರ ಕೈಯಿಂದ, ಪರೀಕ್ಷಿಸಬೇಕು. ನೋವಿನ ಕೈಗೆ ಸುಡುವುದು ಗೊತ್ತಾಗದೆ ಬೊಬ್ಬೆ ಏಳಬಹುದು. ಆಮೇಲೆ ವೈದ್ಯರಿಗೆ ತೋರಿಸಿ, ಮುಳ್ಳಿನ ತುಣುಕು ಒಳಗೆ ಉಳಿದಿದೆಯೇ ನೋಡಿಸಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಬೇಕು. ಉಸಿರಾಟದ ತೊಂದರೆಯೋ ತಲೆಸುತ್ತೋ ಕಂಡರೆ ಬಿಸಿ ನೀರಿಗೂ ಕಾಯಬಾರದು. ಬಂಡೆಗಳ ನಡುವೆ ಸಿಕ್ಕುವ, ಕೆಂಪು ಬಿಳಿ ಪಟ್ಟೆಯ, ಗರಿಯಂತೆ ರೆಕ್ಕೆ ಹರಡುವ ಸಿಂಹಮೀನಿನ ಮುಳ್ಳಿಗೂ ಇದೇ ಪ್ರಥಮ ಚಿಕಿತ್ಸೆ. ತೊರಕೆ ಎಂಬ ಚಪ್ಪಟೆ ಮೀನಿನ (ಸ್ಟಿಂಗ್ ರೇ) ಬಾಲದ ಮುಳ್ಳಿಗೂ ಬಿಸಿ ನೀರೇ, ಆದರೆ ಅದು ಆಳವಾಗಿ ಸೀಳುವುದರಿಂದ ರಕ್ತ ನಿಲ್ಲಿಸುವುದು ಮೊದಲ ಕೆಲಸವಾಗುತ್ತದೆ.

ಪ್ರಶ್ನೆ: ಮೀನನ್ನು ಗುರುತಿಸಲು ಚಿತ್ರವನ್ನು ಹೇಗೆ ತೆಗೆಯಬೇಕು? (ಅರಸೀಕೆರೆಯಿಂದ)

ಉತ್ತರ: ಮೀನನ್ನು ಎತ್ತಿ ಹಿಡಿದು ನಗುತ್ತಾ ನಿಂತ ಚಿತ್ರ ನೆನಪಿಗೆ ಚೆನ್ನ, ಗುರುತಿಗೆ ಸಾಲದು. ಒದ್ದೆ ಹಲಗೆಯ ಮೇಲೆ ತಲೆ ಎಡಕ್ಕೆ ಬರುವಂತೆ ಮಲಗಿಸಿ, ಬೆನ್ನಿನ ಮತ್ತು ಹೊಟ್ಟೆಯ ರೆಕ್ಕೆಗಳನ್ನು ಬಿಡಿಸಿ, ಪಕ್ಕದಲ್ಲಿ ಅಳತೆಪಟ್ಟಿಯನ್ನೋ ಒಂದು ನಾಣ್ಯವನ್ನೋ ಇಟ್ಟು, ನೇರವಾಗಿ ಮೇಲಿನಿಂದ ತೆಗೆಯಿರಿ. ಬಾಯಿ ತೆರೆದ ಒಂದು ಚಿತ್ರ, ಹೊಟ್ಟೆಯ ಭಾಗದ ಒಂದು ಚಿತ್ರ ಬೇಕು. ವಿಷಮುಳ್ಳಿನ ಸಂಶಯವಿದ್ದರೆ ಕಡ್ಡಿಯಿಂದ ರೆಕ್ಕೆ ಬಿಡಿಸಿ, ಕೈಯಿಂದ ಬೇಡ. ದಿನಾಂಕ, ಜಾಗ, ತಳ ಮರಳೋ ಬಂಡೆಯೋ ಕೆಸರೋ ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಮೀನು ಸತ್ತಿದ್ದು ಯಾರಿಗೂ ಗುರುತು ಸಿಗದಿದ್ದರೆ ಹೊಟ್ಟೆ ಸೀಳದೆ ಐಸಿನಲ್ಲಿಡಿ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರ ಎರಡೂ ನಿಮ್ಮ ದಾರಿಯಲ್ಲೇ ಇವೆ.

ಪ್ರಶ್ನೆ: ಮುಂಭಾಗ ತೊರಕೆಯಂತೆ, ಹಿಂಭಾಗ ತಾಟೆಯಂತೆ ಇರುವ ಮೀನು ಯಾವ ಗುಂಪಿಗೆ ಸೇರುತ್ತದೆ? (ಚಿಕ್ಕಮಗಳೂರಿನಿಂದ)

ಉತ್ತರ: ಮಗುಚಿ ನೋಡಿ. ಕಿವಿರಿನ ಐದು ಸೀಳುಗಳು ತಲೆಯ ಬದಿಯಲ್ಲಿದ್ದರೆ ತಾಟೆ, ಅಂದರೆ ಶಾರ್ಕ್. ಅಡಿಯಲ್ಲಿದ್ದರೆ ತೊರಕೆಯ ಬಳಗ. ನಿಮ್ಮ ಚಿತ್ರದಲ್ಲಿ ಅಡಿಯಲ್ಲಿವೆ, ಆದ್ದರಿಂದ ಇದು ಗಿಟಾರ್ ಮೀನು. ಈ ಬಳಗದ ಅನೇಕ ಜಾತಿಗಳು ಅಳಿವಿನ ಅಂಚಿನಲ್ಲಿವೆ, ಸಿಕ್ಕಿದರೆ ದಯವಿಟ್ಟು ಬಿಟ್ಟುಬಿಡಿ. ಮೂತಿ ಗರಗಸದಂತಿರುವ ಗರಗಸ ಮೀನು, ತಿಮಿಂಗಿಲ ಶಾರ್ಕ್ ಮತ್ತು ಕಡಲಕುದುರೆಗಳನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಪ್ರಶ್ನೆ: ಚಾರ್ಮಾಡಿಯ ಕೆಳಗಿನ ಹೊಳೆಯಲ್ಲಿ ರಾತ್ರಿ ಗಾಳ ಹಾಕಿದಾಗ ತೋಳಿನಷ್ಟು ದಪ್ಪದ, ಹಾವಿನಂತಹ, ಕಂದು ಚುಕ್ಕೆಗಳ ಮೀನು ಸಿಕ್ಕಿತು. ಹೊಳೆಯ ಹಾವುಮೀನಿನಂತೆ ಬೆನ್ನ ಮೇಲೆ ಮುಳ್ಳುಗಳಿಲ್ಲ. ಇದು ಕಡಲ ಮೀನೆಂದು ಒಬ್ಬರು ಹೇಳಿದರು, ನಂಬಲಾಗಲಿಲ್ಲ. ನಾವು ಅದನ್ನು ಬಿಟ್ಟೆವು. (ಮೂಡಿಗೆರೆಯ ಓದುಗರು)

ಉತ್ತರ: ನಂಬಬಹುದು. ನೀವು ಹೇಳುವ ಮುಳ್ಳುಬೆನ್ನಿನ ಹಾವುಮೀನು ಮಾಸ್ಟಸೆಂಬೆಲಸ್. ಅದು ಹುಟ್ಟಿನಿಂದ ಸಾವಿನವರೆಗೆ ಸಿಹಿನೀರಿನದು. ನಿಮಗೆ ಸಿಕ್ಕಿದ್ದು ಆಂಗ್ವಿಲಾ ಬೆಂಗಾಲೆನ್ಸಿಸ್ ಎಂಬ ನಿಜವಾದ ಈಲ್. ಮುಳ್ಳಿಲ್ಲದ ಬೆನ್ನು, ಕಿವಿರಿನ ಹಿಂದೆ ಸ್ಪಷ್ಟವಾದ ಎದೆರೆಕ್ಕೆಗಳು, ಬೆನ್ನಿನ ರೆಕ್ಕೆಯು ಬಾಲವನ್ನು ಸುತ್ತಿ ಹೊಟ್ಟೆಯ ಕಡೆಗೆ ಒಂದೇ ಅಂಚಾಗಿ ಹರಿಯುವುದು ಇದರ ಗುರುತು. ಇದರ ಸೋದರ ಜಾತಿಯಾದ ಆಂಗ್ವಿಲಾ ಬೈಕಲರ್ ಕೂಡ ನಮ್ಮ ಹೊಳೆಗಳಲ್ಲಿದೆ. ಅದರ ಮೈಯಲ್ಲಿ ಚುಕ್ಕೆಗಳಿಲ್ಲ, ಬೆನ್ನಿನ ರೆಕ್ಕೆ ಹೆಚ್ಚುಕಡಿಮೆ ಗುದದ್ವಾರದ ನೇರಕ್ಕೆ ಆರಂಭವಾಗುತ್ತದೆ. ನಿಮ್ಮ ಮೀನಿನಲ್ಲಿ ಅದು ಬಹಳ ಮುಂದೆಯೇ ಆರಂಭವಾಗಿರುವುದು ಚಿತ್ರದಲ್ಲಿ ಕಾಣುತ್ತದೆ.

ಈ ಮೀನು ಹುಟ್ಟುವುದು ಆಳವಾದ ಕಡಲಿನಲ್ಲಿ. ಎಲೆಯಷ್ಟು ತೆಳ್ಳಗಿನ, ಪಾರದರ್ಶಕವಾದ ಮರಿ ಪ್ರವಾಹದೊಂದಿಗೆ ತೇಲುತ್ತಾ ದಡದ ಹತ್ತಿರ ಬಂದು, ಗಾಜಿನ ಕಡ್ಡಿಯಂತಹ ರೂಪ ತಾಳಿ, ಅಳಿವೆಯನ್ನು ದಾಟಿ ನದಿಯನ್ನು ಏರುತ್ತದೆ. ಚಾರ್ಮಾಡಿಯ ಇಳಿಜಾರಿನ ನೀರು ನೇತ್ರಾವತಿಯನ್ನು ಸೇರುವುದರಿಂದ, ನಿಮ್ಮ ಮೀನು ಮಂಗಳೂರಿನ ಅಳಿವೆಯಿಂದ ಘಟ್ಟದ ಬುಡದವರೆಗೆ ನೀರಿನ ವಿರುದ್ಧ ಈಜಿ ಬಂದದ್ದು. ಇಲ್ಲಿ ಹಲವು ವರ್ಷ ಬೆಳೆದು, ಒಂದು ಮಳೆಗಾಲದ ನೆರೆಯಲ್ಲಿ ಮತ್ತೆ ಕಡಲಿಗೆ ಇಳಿದು, ಒಂದೇ ಒಂದು ಸಲ ಮೊಟ್ಟೆಯಿಟ್ಟು ಸಾಯುತ್ತದೆ. ನದಿಗೆ ಅಡ್ಡಲಾಗಿ ಕಟ್ಟಿದ ಪ್ರತಿಯೊಂದು ಅಣೆಯೂ ಈ ಎರಡು ಪ್ರಯಾಣಗಳನ್ನು ತಡೆಯುತ್ತದೆ. ತೋಳಿನಷ್ಟು ದಪ್ಪವಿದ್ದುದರಿಂದ ನಿಮ್ಮದು ಬಹುಶಃ ಹೆಣ್ಣಾಗಿರಬೇಕು, ಇನ್ನೂ ಕಡಲಿಗೆ ಮರಳದ ಹೆಣ್ಣು. ನೀವು ಬಿಟ್ಟದ್ದನ್ನು ಓದಿ ನನಗೆ ನಿಜವಾಗಿ ಸಂತೋಷವಾಯಿತು. ಗಾಳ ಬಿಡಿಸುವಾಗ ಅದರ ರಕ್ತ ನಿಮ್ಮ ಕೈಗೆ ತಗಲಿತ್ತೆಂದು ಬರೆದಿದ್ದೀರಿ: ಈಲ್‌ನ ಹಸಿ ರಕ್ತ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಕೈ ತೊಳೆದುಕೊಂಡಿದ್ದರೆ ಬೇರೆ ತೊಂದರೆಯಿಲ್ಲ.